ಹೆಣ್ಣು ಮೃಗಕ್ಕೆ ಕಸ್ತೂರಿ ಇರುವುದಿಲ್ಲ

ಸಂಜೆಯಾಯಿತೆಂದರೆ ಸಾಕು, ಆ ಮನೆಯಲ್ಲಿ ಕೂಸಿನ ಅಳು ಶುರುವಾಗುತ್ತಿತ್ತು. ಹಾಲು ಕುಡಿಸಿದರೂ ಅಳು, ಎತ್ತಿಕೊಂಡು ತಿರುಗಾಡಿದರೂ ಅಳು, ತೊಟ್ಟಿಲಿಗೆ ಹಾಕಿದರಂತೂ ಇನ್ನೂ ಜೋರು. ಕಾಲು ಹೊಟ್ಟೆಗೆ ಮಡಚಿಕೊಂಡು, ಮುಖ ಕೆಂಪಗೆ ಮಾಡಿಕೊಂಡು ಒಂದೇ ಸಮ ಅಳುತ್ತಿತ್ತು. ಹಸುಗೂಸು ಇರುವ ಯಾವ ಮನೆಗೂ ಇದು ಹೊಸದಲ್ಲ.

ಮನೆ ಇದ್ದದ್ದು ಮೆಲ್ಬೋರ್ನಿನ ಕ್ಲೇಟನ್‌ನಲ್ಲಿ. ಅದು 2009ರ ಚಳಿಗಾಲ. ಕೂಸಿನ ತಾಯಿ ಪ್ರಾರ್ಥನಾ ಅಲ್ಲಿಯೇ ಓದಿ, ಕಾಯಂ ನೆಲೆಸಲು ಪಿಆರ್ ಪಡೆದು, ಕೆಲಸಕ್ಕೆ ಸೇರಿ, ಈಗ ಹೆರಿಗೆ ರಜೆಯಲ್ಲಿದ್ದಳು. ಗಂಡ ಸುಘೋಷ್ ಮೈಸೂರಿನವನು, ಡಾಕ್‌ಲ್ಯಾಂಡ್ಸ್‌ನ ಒಂದು ಬ್ಯಾಂಕಿನಲ್ಲಿ ಐಟಿ ಕೆಲಸ. ಹಿಂದಿನ ಕೋಣೆಯಲ್ಲಿ ಫೂಲ್‌ಮಾಯಾ ಎಂಬ ನೇಪಾಳದ ಹುಡುಗಿ ಬಾಡಿಗೆಗಿದ್ದಳು. ನರ್ಸಿಂಗ್ ಓದುತ್ತಿದ್ದಳು. ಬಾಣಂತನ ಮಾಡಲು ಸಿಡ್ನಿಯಿಂದ ಬಂದವರು ಪ್ರಾರ್ಥನಾಳ ತಾಯಿ ಭಾಗೀರಥಿಬಾಯಿ.

ಭಾಗೀರಥಿಬಾಯಿ ಹುಬ್ಬಳ್ಳಿಯವರು. ಕೆಲವು ವರ್ಷಗಳಿಂದ ಮಗನ ಜೊತೆ ಸಿಡ್ನಿಯ ವೆಂಟ್‌ವರ್ತ್‌ವಿಲ್‌ನಲ್ಲಿದ್ದರು. ಆ ಸುತ್ತಿನಲ್ಲಿ ಯಾವ ಕನ್ನಡದ ಮನೆಯಲ್ಲಿ ಮಗು ಹುಟ್ಟಿದರೂ ಮೊದಲು ಅವರಿಗೇ ಫೋನ್ ಬರುತ್ತಿತ್ತು. ಕೂಸಿಗೆ ಎಣ್ಣೆ ಹಚ್ಚಿ ಕಾಲ ಮೇಲೆ ಮಲಗಿಸಿಕೊಂಡು ಎರೆಯುವುದರಲ್ಲಿ ಅವರ ಕೈಗೆ ಸಾಟಿಯಿರಲಿಲ್ಲ. ಬೆಳ್ಳಿಯ ಪುಟ್ಟ ಡಬ್ಬಿಯಲ್ಲಿ ಅವರು ಊರಿಂದ ತಂದಿಟ್ಟುಕೊಂಡ ಕಸ್ತೂರಿಯೂ ಅಷ್ಟೇ ಹೆಸರುವಾಸಿಯಾಗಿತ್ತು. ಕೂಸಿಗೆ ಶೀತವಾಗಲಿ, ಹೊಟ್ಟೆನೋವಾಗಲಿ, ಸಾಸಿವೆಕಾಳಿನಷ್ಟನ್ನು ಎದೆಹಾಲಿನಲ್ಲಿ ತೇದು ನಾಲಿಗೆಗೆ ಹಚ್ಚುತ್ತಿದ್ದರು. ಹೀಗೆ ಮನೆಮನೆಗೆ ಹಚ್ಚಿ ಹಚ್ಚಿ, ಸ್ವಂತ ಮಗಳ ಬಾಣಂತನಕ್ಕೆ ಬರುವ ಹೊತ್ತಿಗೆ ಅದು ಮುಗಿದೇ ಹೋಗಿತ್ತು. ಊರಿಗೆಲ್ಲ ಕೊಟ್ಟು ತನ್ನ ಮೊಮ್ಮಗಳಿಗೇ ಇಲ್ಲದಂತಾಯಿತಲ್ಲ ಎಂದು ಅವರಿಗೆ ಒಳಗೊಳಗೇ ಬೇಸರ.

ಊರಾಡಳಿತದ ಕೌನ್ಸಿಲ್‌ನಿಂದ ಮಕ್ಕಳ ನರ್ಸ್ ಮನೆಗೆ ಬಂದು ಕೂಸನ್ನು ತೂಗಿ ನೋಡಿದಳು. "ತೂಕ ಚೆನ್ನಾಗಿ ಏರುತ್ತಿದೆ. ಈ ವಯಸ್ಸಿಗೆ ಸಂಜೆಯ ಅಳು ಸಾಮಾನ್ಯ, ಮೂರು ನಾಲ್ಕು ತಿಂಗಳಿಗೆ ತಾನಾಗಿ ಕಡಿಮೆಯಾಗುತ್ತದೆ. ಎದೆಹಾಲು ಬಿಟ್ಟು ಬೇರೇನೂ ಬಾಯಿಗೆ ಹಾಕಬೇಡಿ" ಎಂದು ಹೇಳಿ ಹೋದಳು.

ಭಾಗೀರಥಿಬಾಯಿಗೆ ಇದು ಸರಿಬರಲಿಲ್ಲ.

"ಆಕಿ ಹೇಳೂದು ಪುಸ್ತಕದ್ದು. ನಾ ಎಷ್ಟು ಕೂಸಿಗೆ ಎರದೀನಿ, ನನಗ ಗೊತ್ತಿಲ್ಲೇನು? ಸಿಡ್ನಿಯಾಗ ನಮ್ಮ ಮನಿ ಹತ್ರ ಇರೂ ಹುಡುಗ ಚಕ್ರಪಾಣಿ, ತನ್ನ ತಂಗಿ ಮದುವಿಗೆ ಅಂತ ಬೆಂಗಳೂರಿಗೆ ಹೋಗ್ಯಾನ. ಬರೂ ಮುಂದ ಕಸ್ತೂರಿ ತಗೊಂಡು ಬಾ ಅಂತ ಹೇಳೀನಿ. ಅದು ಬರ್ಲಿ, ಕೂಸು ಹೆಂಗ ಗಪ್ಪಾಗಿ ಮಲಗ್ತದ ನೋಡ್ರಿ."

ಪ್ರಾರ್ಥನಾ ತಾಯಿಯ ಪರ. "ನಂಗೂ ಅವ್ವನೇ ಹಾಕಿದ್ದಲ್ವಾ. ಚೆನ್ನಾಗೇ ಇದೀನಲ್ಲ" ಅಂದಳು. ಸುಘೋಷ್ ಅತ್ತೆಯ ಎದುರು ಮಾತಾಡುವವನಲ್ಲ. ಅವನಿಗೆ ಬೇರೆ ಕೆಲಸವೂ ಇತ್ತು. ಅತ್ತೆ ಕೂಸಿಗೆ ಲೋಬಾನದ ಹೊಗೆ ಹಿಡಿದಾಗಲೆಲ್ಲ ಸೀಲಿಂಗಿನ ಸ್ಮೋಕ್ ಅಲಾರಂ ಕೂಗಿಕೊಳ್ಳುತ್ತಿತ್ತು. ಕುರ್ಚಿಯ ಮೇಲೆ ಹತ್ತಿ ಟವಲ್ ಬೀಸುವುದು ಅವನ ಪಾಲಿಗೆ ಬಂದಿತ್ತು.

ಆ ಮನೆಯಲ್ಲಿ ಭಾಗೀರಥಿಬಾಯಿಯನ್ನು ತುಂಬ ಹಚ್ಚಿಕೊಂಡವಳು ಫೂಲ್‌ಮಾಯಾ. ಕ್ಲಾಸು ಮುಗಿಸಿ ಬಸ್ಸಿಳಿದು ಬಂದವಳೇ ಕೈತೊಳೆದು ಕೂಸನ್ನು ಎತ್ತಿಕೊಳ್ಳುತ್ತಿದ್ದಳು. ಇವರು ಅವಳಿಗೆ ಬಿಸಿ ರೊಟ್ಟಿ, ಶೇಂಗಾ ಚಟ್ನಿ ಕೊಡುತ್ತಿದ್ದರು. ಅವಳು ಇವರನ್ನು ಆಮಾ ಎನ್ನುತ್ತಿದ್ದಳು. ಅವಳ ಭಾಷೆಯಲ್ಲಿ ತಾಯಿಗೆ ಹಾಗೆನ್ನುತ್ತಾರೆ. ಇಬ್ಬರ ಮಾತೂ ಹಿಂದಿಯಲ್ಲಿ. ಹುಬ್ಬಳ್ಳಿಯ ಹಿಂದಿ ಒಂದು ಕಡೆ ಎಳೆದರೆ ನೇಪಾಳದ ಹಿಂದಿ ಇನ್ನೊಂದು ಕಡೆ ಎಳೆಯುತ್ತಿತ್ತು. ಆದರೂ ಅರ್ಥವಾಗದೆ ಉಳಿದದ್ದು ಏನೂ ಇರಲಿಲ್ಲ.

ಒಂದು ದಿನ ರೊಟ್ಟಿ ಬಡಿಯುತ್ತಾ ಭಾಗೀರಥಿಬಾಯಿ, "ಮುಂದಿನ ವಾರ ಕಸ್ತೂರಿ ಬರ್ತದವಾ. ನಿಮ್ಮ ಕಡಿಂದನ ಬರೂದದು, ಹಿಮಾಲಯದ್ದು" ಎಂದು ಸಂಭ್ರಮದಿಂದ ಹೇಳಿದರು.

ಫೂಲ್‌ಮಾಯಾ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಟ್ಟುಬಿಟ್ಟಳು. ತಟ್ಟೆ ತೊಳೆದಿಟ್ಟು ಕೋಣೆಗೆ ಹೋದಳು.

ಮರುದಿನ ಭಾನುವಾರ. ಭಾಗೀರಥಿಬಾಯಿ ಹಿತ್ತಿಲ ಬಿಸಿಲಿನಲ್ಲಿ ಕೂಸಿಗೆ ಎಣ್ಣೆ ತಿಕ್ಕುತ್ತಿದ್ದರು. ಫೂಲ್‌ಮಾಯಾ ಬಂದು ಪಕ್ಕದಲ್ಲಿ ಕೂತಳು. ಪ್ರಾರ್ಥನಾ ಅಲ್ಲೇ ಕೂದಲು ಒಣಗಿಸಿಕೊಳ್ಳುತ್ತಿದ್ದಳು.

"ಆಮಾ, ಕಸ್ತೂರಿ ಮೃಗವನ್ನು ನೋಡಿದ್ದೀರಾ?"

"ಚಿತ್ರದಾಗ ನೋಡೀನಿ. ದೊಡ್ಡ ಕೋಡಿನ ಜಿಂಕಿ."

"ಅದಕ್ಕೆ ಕೋಡೇ ಇಲ್ಲ. ನಮ್ಮ ಊರ ನಾಯಿಗಿಂತ ಸ್ವಲ್ಪ ಎತ್ತರ, ಅಷ್ಟೇ. ಹಿಂಗಾಲು ಉದ್ದ, ಕಿವಿ ಮೊಲದ ಹಾಗೆ. ಗಂಡಿಗೆ ಮೇಲಿನ ಎರಡು ಹಲ್ಲು ಬಾಯಿಯಿಂದ ಹೊರಗೆ ಇಳಿದಿರುತ್ತವೆ. ಬಹಳ ಪುಕ್ಕಲು. ಎತ್ತರದ ಬೆಟ್ಟದ ಕಾಡಿನಲ್ಲಿ ಒಂದೊಂದೇ ಇರುತ್ತವೆ."

"ಇರಲಿ ಬಿಡವಾ. ನಾವೇನು ಅದನ್ನ ಕೊಲ್ಲಾಕ ಹೇಳ್ತೀವೇನು? ಅದರ ಹೊಕ್ಕಳದಾಗಿಂದ ಕಸ್ತೂರಿ ತಾನ ಉದುರಿ ಬೀಳ್ತದ, ಆರಿಸಿ ತರ್ತಾರ ಅಂತ ನಮ್ಮಜ್ಜಿ ಹೇಳ್ತಿದ್ದಳು."

"ಇಲ್ಲ ಆಮಾ. ಹೊಕ್ಕಳ ಹತ್ತಿರ ಚರ್ಮದೊಳಗೆ ಒಂದು ಗಂಟಿರುತ್ತದೆ. ಬೇಟೆಯವರು ಮೃಗವನ್ನು ಕೊಂದು ಅದನ್ನು ಕೊಯ್ದು ತೆಗೆಯುತ್ತಾರೆ. ನನ್ನ ಊರು ಲಾಂಗ್‌ಟಾಂಗ್ ಕಾಡಿನ ಪಕ್ಕ. ನಾನು ಕಣ್ಣಾರೆ ಕಂಡಿದ್ದೇನೆ."

ಭಾಗೀರಥಿಬಾಯಿಯ ಕೈ ನಿಧಾನವಾಯಿತು. ಫೂಲ್‌ಮಾಯಾ ಕೂಸಿನ ಪಾದ ಹಿಡಿದುಕೊಂಡು ಹೇಳತೊಡಗಿದಳು.

ಅವಳು ಆಗ ಚಿಕ್ಕವಳು. ಅಣ್ಣನ ಜೊತೆ ಆಡು ಮೇಯಿಸಲು ಕೆಂಪು ಹೂವಿನ ಗುರಾಸ್ ಮರಗಳ ಕಾಡಿಗೆ ಹೋಗಿದ್ದಳು. ಬೇಟೆಯವರು ಕಾಡಿಗೆ ಅಡ್ಡಲಾಗಿ ಕೊಂಬೆಗಳ ಬೇಲಿ ಹಾಕಿ, ನಡುನಡುವೆ ಕಂಡಿ ಬಿಟ್ಟು, ಕಂಡಿಗೊಂದು ತಂತಿಯ ಉರುಲು ಕಟ್ಟಿದ್ದರು. ಒಂದು ಉರುಲಿನಲ್ಲಿ ಮೃಗವೊಂದು ಸತ್ತು ಬಿದ್ದಿತ್ತು. ಹೊರಗೆ ಇಳಿದ ಹಲ್ಲಿರಲಿಲ್ಲ. ಅದು ಹೆಣ್ಣು. ಬೇಟೆಯವರು ಬಂದು ನೋಡಿ, ತಮಗೆ ಬೇಕಾದದ್ದು ಇಲ್ಲವೆಂದು ಹಾಗೆಯೇ ಬಿಟ್ಟು ಹೋಗಿದ್ದರು.

"ಕೆಚ್ಚಲು ಹಾಲು ತುಂಬಿ ಬಿಗಿದಿತ್ತು ಆಮಾ. ಅಣ್ಣ ನೋಡಿದವನೇ, ಇದು ಈದದ್ದು, ಮರಿ ಇಲ್ಲೇ ಎಲ್ಲೋ ಇರಬೇಕು ಅಂದ. ಹೊಸದಾಗಿ ಹುಟ್ಟಿದ ಮರಿಯನ್ನು ತಾಯಿ ಪೊದೆಯಲ್ಲಿ ಅಡಗಿಸಿಟ್ಟು ಮೇಯಲು ಹೋಗುತ್ತದೆ. ಅದು ಬರುವವರೆಗೆ ಮರಿ ಅಲುಗಾಡುವುದಿಲ್ಲ. ನಾವು ಹುಡುಕಿದೆವು. ಬಂಡೆಯ ಬುಡದಲ್ಲಿ ಇತ್ತು, ಮೈಮೇಲೆ ಚುಕ್ಕೆ ಚುಕ್ಕೆ. ಕೈಯಲ್ಲಿ ಎತ್ತಿದರೂ ಕೂಗಲಿಲ್ಲ. ಕೂಗುವ ಶಕ್ತಿಯೇ ಇರಲಿಲ್ಲ. ಮನೆಗೆ ತಂದು ಆಡಿನ ಹಾಲಿನಲ್ಲಿ ಬಟ್ಟೆ ಅದ್ದಿ ಬಾಯಿಗಿಟ್ಟೆವು. ಕುಡಿಯಲಿಲ್ಲ. ನನ್ನ ಮಡಿಲಲ್ಲೇ ಹೋಯಿತು."

ಪ್ರಾರ್ಥನಾ ಎದ್ದು ಬಂದು ಕೂಸನ್ನು ಅಮ್ಮನ ಕಾಲ ಮೇಲಿಂದ ಎತ್ತಿಕೊಂಡಳು. ಯಾಕೆ ಎತ್ತಿಕೊಂಡೆನೆಂದು ಅವಳಿಗೇ ಗೊತ್ತಾಗಲಿಲ್ಲ.

"ಹೆಣ್ಣಿಗೆ ಕಸ್ತೂರಿ ಇರೂದಿಲ್ಲಾ?" ಭಾಗೀರಥಿಬಾಯಿ ಕೇಳಿದರು.

"ಗಂಡಿಗೆ ಮಾತ್ರ. ಆದರೆ ಉರುಲಿಗೆ ಅದು ಹೇಗೆ ತಿಳಿಯಬೇಕು? ಒಂದು ಗಂಡು ಸಿಗುವುದರೊಳಗೆ ಹೆಣ್ಣು, ಮರಿ ಎಷ್ಟೋ ಸಾಯುತ್ತವೆ. ಅಣ್ಣ ಈಗ ಅದೇ ಕಾಡಿನಲ್ಲಿ ಗಾರ್ಡ್. ಬೆಟ್ಟ ಹತ್ತಿ ಉರುಲು ಕಿತ್ತುಹಾಕುವುದೇ ಅವನ ಕೆಲಸ. ಹೋದ ವರ್ಷ ಪ್ರಪಂಚದ ಪ್ರಾಣಿಗಳ ಕೆಂಪು ಪಟ್ಟಿಯಲ್ಲಿ ನಮ್ಮ ಮೃಗವನ್ನು ಅಳಿವಿನ ಅಪಾಯದಲ್ಲಿರುವ ಪ್ರಾಣಿ ಅಂತ ಸೇರಿಸಿದರಂತೆ. ಅಣ್ಣ ಫೋನಿನಲ್ಲಿ ಹೇಳಿ, ಇದು ನನಗೆ ಪಟ್ಟಿ ನೋಡದೆಯೂ ಗೊತ್ತಿತ್ತು ಅಂದ."

"ನಾ ಹಚ್ಚೂದು ಒಂದ ಸಾಸಿವಿಕಾಳಿನಷ್ಟವಾ."

"ಎಲ್ಲರೂ ಅಷ್ಟಷ್ಟೇ ಕೇಳುವುದು ಆಮಾ."

ಭಾಗೀರಥಿಬಾಯಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಹೇಳಲು ಬರುವಂತಿರಲಿಲ್ಲ. ಎಣ್ಣೆಯ ಬಟ್ಟಲು ತೆಗೆದುಕೊಂಡು ಒಳಗೆ ನಡೆದರು. ಆ ದಿನ ಮಧ್ಯಾಹ್ನ ಮಗಳಿಗೆ ಸಬ್ಬಸಿಗೆ ಸಾರು ಬಡಿಸಿದರು, ಕುಡಿಯಲು ಬಿಸಿನೀರು ಕೊಟ್ಟರು, ಕಿವಿಗೆ ಹತ್ತಿ ಇಟ್ಟುಕೊಂಡಳೋ ಇಲ್ಲವೋ ನೋಡಿದರು. ಬಾಣಂತಿಯ ಮೈ ಎಷ್ಟು ನಾಜೂಕು ಎಂಬುದು ಅವರಿಗೆ ತಿಳಿದಷ್ಟು ಯಾರಿಗೆ ತಿಳಿದಿತ್ತು? ತಾಯಿಯಿಲ್ಲದ ಕೂಸನ್ನು ಉಳಿಸಿಕೊಳ್ಳುವ ಕಷ್ಟವೂ ತಿಳಿದಿತ್ತು. ಹಿಂದೆ ಅಕ್ಕ ಹೆರಿಗೆಯಲ್ಲಿ ತೀರಿಕೊಂಡಾಗ ಅವಳ ಮಗನಿಗೆ ಹನಿಹನಿಯಾಗಿ ಹಾಲು ಹಾಕಿ ಬದುಕಿಸಿಕೊಂಡವರು ಅವರೇ.

ಸಂಜೆ ಕೂಸು ಅಳತೊಡಗಿತು. ಅದನ್ನು ಹೆಗಲಿಗೆ ಹಾಕಿಕೊಂಡು ಅಳಿಯನ ಬಳಿ ಬಂದರು.

"ಚಕ್ರಪಾಣಿಗೆ ಫೋನ್ ಹಚ್ಚಿ ಕೊಡ್ರಿ."

ಸುಘೋಷ್ ಫೋನ್ ಹಚ್ಚಿ ಕೊಟ್ಟ. ಚಕ್ರಪಾಣಿ ಬೆಂಗಳೂರಿನಿಂದ, ಅವರು ಬಾಯಿ ತೆರೆಯುವ ಮೊದಲೇ ಹೇಳಿದ: "ಆಂಟಿ, ನಿಮ್ದು ನೆನಪಿದೆ. ಅಂಗಡಿಯವ್ನು ಕಸ್ತೂರಿ ಹೊರಗಡೆ ಇಡಲ್ವಂತೆ. ನಾಳೆ ಬನ್ನಿ, ಒಳಗಡೆಯಿಂದ ತಂದ್ಕೊಡ್ತೀನಿ ಅಂದ."

"ಒಳಗಿಂದ ಯಾಕ?"

"ಮಾರೋ ಹಾಗಿಲ್ವಂತೆ ಆಂಟಿ, ಕೇಸ್ ಆಗುತ್ತಂತೆ. ಅಸಲಿನಾ ಅಂತ ಕೇಳಿದ್ರೆ ಅದಕ್ಕೂ ಸರಿಯಾಗಿ ಹೇಳ್ಲಿಲ್ಲ. ಪರ್ವಾಗಿಲ್ಲ, ಶೇವಿಂಗ್ ಕಿಟ್ಟಲ್ಲಿ ಹಾಕ್ಕೊಂಡು ಬಂದ್ಬಿಡ್ತೀನಿ."

ಭಾಗೀರಥಿಬಾಯಿಗೆ ಗಾಬರಿಯಾಯಿತು. ಇನ್ನೂ ತಾತ್ಕಾಲಿಕ ವೀಸಾದ ಮೇಲೆ ಇದ್ದ ಹುಡುಗ. ಸಿಡ್ನಿ ಏರ್‌ಪೋರ್ಟಿನಲ್ಲಿ ಹಿಡಿದು ನಿಲ್ಲಿಸಿದರೆ ಅವನ ಗತಿ ಏನು? ಅದೂ ಅಸಲೋ ನಕಲೋ, ಏನು ಬೆರೆಸಿದ್ದಾರೋ ಗೊತ್ತಿಲ್ಲದ ಪುಡಿಗಾಗಿ. ಅದನ್ನು ತಾವು ಇಷ್ಟು ಎಳೆಯ ಬಾಯಿಗೆ ಹಚ್ಚಬೇಕೆಂದಿದ್ದರು.

"ಬ್ಯಾಡಪಾ. ನಾಳೆ ಆ ಅಂಗಡಿಗೆ ಹೋಗಲೇಬ್ಯಾಡ. ನೀ ಸುಖವಾಗಿ ಬಾ, ಸಾಕು."

"ಸಿಟ್ಟಾದ್ರಾ ಆಂಟಿ?"

"ನಿನ್ನ ಮ್ಯಾಲೆ ಯಾಕ ಸಿಟ್ಟು? ಹೇಳಿದ್ದು ನಾನು, ಬ್ಯಾಡ ಅನ್ನಾಕಿನೂ ನಾನ."

ಚಕ್ರಪಾಣಿ ನಿರಾಳವಾಗಿ ನಕ್ಕದ್ದು ಪಕ್ಕದಲ್ಲಿದ್ದ ಸುಘೋಷ್‌ಗೂ ಕೇಳಿಸಿತು.

ಕೂಸಿನ ಅಳು ಮಾತ್ರ ನಿಂತಿರಲಿಲ್ಲ. ಭಾಗೀರಥಿಬಾಯಿ ನರ್ಸ್ ಹೇಳಿದ್ದನ್ನು ಮಗಳಿಂದ ಇನ್ನೊಮ್ಮೆ ಹೇಳಿಸಿಕೊಂಡರು. ಹಾಲು ಕುಡಿದ ಮೇಲೆ ನೆಟ್ಟಗೆ ಎತ್ತಿಕೊಂಡು ತೇಗು ಬರಿಸುವುದು, ಹೊಟ್ಟೆಯನ್ನು ಮೆತ್ತಗೆ ಸುತ್ತಲೂ ತಿಕ್ಕುವುದು, ಕಾಲು ಮಡಚಿ ಬಿಡಿಸುವುದು. "ಇದೆಲ್ಲಾ ನಾ ಮೊದಲಿಂದ ಮಾಡೂದ ಅಲ್ಲೇನು" ಎಂದು ಗೊಣಗುತ್ತಲೇ ಮಾಡಿದರು. ಅಳು ಒಂದೇ ದಿನಕ್ಕೆ ನಿಲ್ಲಲಿಲ್ಲ. ವಾರ ಕಳೆದಂತೆ ಕಡಿಮೆಯಾಗುತ್ತಾ ಬಂದು, ಒಂದು ಸಂಜೆ ಅಳುವ ಹೊತ್ತಿಗೆ ಕೂಸು ಫೂಲ್‌ಮಾಯಾಳ ಮುಖ ನೋಡಿ ನಕ್ಕಿತು.

ತೊಟ್ಟಿಲಿಗೆ ಹಾಕಿ ಕೃಪಾ ಎಂದು ಹೆಸರಿಟ್ಟ ದಿನ ಮನೆ ತುಂಬ ಜನ. ಮೆಲ್ಬೋರ್ನಿನ ಇನ್ನೊಂದು ತುದಿಯ ಟ್ರುಗನಿನಾದಿಂದ ಬಂದ ಉಷಾ ಏಳು ತಿಂಗಳ ಬಸುರಿ. ಅವಳು ಭಾಗೀರಥಿಬಾಯಿಯ ಪಕ್ಕ ಬಂದು ಮೆಲ್ಲಗೆ ಕೇಳಿದಳು: "ಆಂಟಿ, ನಿಮ್ ಹತ್ರ ಒಳ್ಳೇ ಕಸ್ತೂರಿ ಇರುತ್ತಂತೆ. ನಂಗೂ ಸ್ವಲ್ಪ ಎತ್ತಿಡ್ತೀರಾ?"

"ಇಲ್ಲವಾ. ಇನ್ನ ಮ್ಯಾಲೆ ಇರೂದೂ ಇಲ್ಲ."

ಉಷಾಳ ಮುಖ ಸಣ್ಣಗಾಯಿತು. ಭಾಗೀರಥಿಬಾಯಿ ಅವಳನ್ನು ಸೋಫಾದಲ್ಲಿ ಕೂರಿಸಿಕೊಂಡು ಬಂಡೆಯ ಬುಡದ ಮರಿಯ ಕಥೆ ಹೇಳಿದರು. ಹೇಳುತ್ತಾ ಹೋದಂತೆ ಅಡುಗೆಮನೆಯಲ್ಲಿದ್ದವರೂ ಬಂದು ನಿಂತರು. ಕೊನೆಗೆ ಉಷಾ, "ಹಾಗಾದ್ರೆ ಕಸ್ತೂರಿ ಅರಿಶಿನಾನೂ ಬೇಡ್ವಾ ಆಂಟಿ?" ಅಂದಳು.

"ಅದು ಗಿಡದ ಬೇರವಾ, ಹೆಸರಷ್ಟ ಕಸ್ತೂರಿ. ಮೈಗೆ ಬೇಕಾದಷ್ಟು ಹಚ್ಚಿಕೋ. ನಿನ್ನ ಬಾಣಂತನಕ್ಕ ನಾನ ಬರ್ತೀನಿ. ಕೂಸಿಗೆ ಬೇಕಾದದ್ದು ನಿನ್ನ ಹಾಲು, ನನ್ನ ಕೈ. ಜ್ವರ ಬಂತು, ಹಾಲು ಕುಡೀಲಿಲ್ಲ ಅಂದ್ರ ಡಾಕ್ಟರು ಇದ್ದಾರ."

ಪ್ರಾರ್ಥನಾ ಅಮ್ಮನ ಮುಖವನ್ನೇ ನೋಡುತ್ತಿದ್ದಳು. "ಅವ್ವ, ಸಿಡ್ನಿಯವ್ರಿಗೂ ನೀನೇ ಹೇಳ್ಬೇಕು. ಬೇರೆ ಯಾರ್ ಹೇಳಿದ್ರೂ ಅವ್ರು ಕೇಳಲ್ಲ" ಅಂದಳು.

"ಹೇಳ್ತೀನಿ. ನನ್ನ ಕೈಯಾರೆ ಕೊಟ್ಟೀನಿ, ನನ್ನ ಬಾಯಾರೆ ಹೇಳಬೇಕು."

ಊಟ ನಡೆದಿದ್ದಾಗ ಫೂಲ್‌ಮಾಯಾ ಫೋನ್ ಕಿವಿಗಿಟ್ಟುಕೊಂಡೇ ಓಡಿ ಬಂದಳು. ಊರಿಂದ ಅಣ್ಣ. ಮಳೆ ನಿಂತ ಬೆಳಿಗ್ಗೆ ಬೆಟ್ಟಕ್ಕೆ ಹೋದಾಗ, ಉರುಲು ಕಿತ್ತ ದಾರಿಯಲ್ಲೇ ಒಂದು ಹೆಣ್ಣು ಮೃಗ ಮರಿಯನ್ನು ಹಿಂದೆ ಕಟ್ಟಿಕೊಂಡು ಪೊದೆಯಿಂದ ಪೊದೆಗೆ ಹೋದದ್ದನ್ನು ಕಂಡನಂತೆ.

ಭಾಗೀರಥಿಬಾಯಿ ಎಂಜಲು ಕೈಯಲ್ಲೇ ಎದ್ದು ನಿಂತರು.

"ಕೇಳವಾ ಅವನನ್ನ," ಅಂದರು, "ಬಾಣಂತಿ ಆರಾಮ ಅದಾಳೇನು?"

ಓದುತ್ತಿರುವ ಅಕ್ಕಂದಿರೇ, ಅಮ್ಮಂದಿರೇ, ಊರಿನಿಂದ ಆಸ್ಟ್ರೇಲಿಯಾಕ್ಕೆ ಓಡಾಡುವ ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲೂ ಯಾರಾದರೂ ಕಸ್ತೂರಿ ಕೇಳಬಹುದು. ಪ್ರೀತಿಯಿಂದಲೇ ಕೇಳುತ್ತಾರೆ, ಅವರ ಮೇಲೆ ರೇಗಬೇಡಿ. ಕೂತು ಈ ಕಥೆ ಹೇಳಿ. ಕಸ್ತೂರಿ ಮೃಗ ಅಳಿವಿನ ಅಪಾಯದಲ್ಲಿದೆ. ಭಾರತದಲ್ಲಿ ಅದನ್ನು ಬೇಟೆಯಾಡುವುದೂ ಕಸ್ತೂರಿ ಮಾರುವುದೂ ಅಪರಾಧ. ಅನುಮತಿಯಿಲ್ಲದೆ ಆಸ್ಟ್ರೇಲಿಯಾಕ್ಕೆ ತರುವುದೂ ಅಪರಾಧವೇ. ಕೊಳ್ಳಬೇಡಿ, ತರಿಸಬೇಡಿ, ಗೊತ್ತಿಲ್ಲದ ಪುಡಿಯನ್ನು ಕೂಸಿನ ಬಾಯಿಗೆ ಹಚ್ಚಬೇಡಿ. ಮಗುವಿನ ಅಳುವಿನ ಬಗ್ಗೆ ಚಿಂತೆಯಿದ್ದರೆ ನಿಮ್ಮ ನರ್ಸ್‌ಗೋ ಡಾಕ್ಟರಿಗೋ ಇವತ್ತೇ ಫೋನ್ ಮಾಡಿ. ನಮ್ಮ ಮನೆಯ ತೊಟ್ಟಿಲು ತೂಗಲೆಂದು, ದೂರದ ಬೆಟ್ಟದಲ್ಲಿ ಇನ್ನೊಂದು ಮರಿ ಬಾರದ ತಾಯಿಗಾಗಿ ಅಲುಗಾಡದೆ ಕಾಯುವುದು ಬೇಡ.