ಗುರುವಾರದ ಅಂಕಣ

ಪ್ರಿಯದರ್ಶಿನಿ ಒಂಬತ್ತು ವರ್ಷಗಳಿಂದ ಶಿವಮೊಗ್ಗದ ಒಂದು ದಿನಪತ್ರಿಕೆಗೆ ಒಂಟಿಯಾಗಿ ಬದುಕುವವರಿಗಾಗಿ ಅಂಕಣ ಬರೆಯುತ್ತಿದ್ದಳು. ಅದು ಗುರುವಾರ ಬರುತ್ತಿತ್ತು. ಮದುವೆಯಾಗದವರು, ಗಂಡನನ್ನು ಬಿಟ್ಟು ಬಂದವರು, ಹೆಂಡತಿ ತೀರಿಕೊಂಡವರು, ಹೆಣ್ಣು ಸಿಗದೆ ನಲವತ್ತು ದಾಟಿದ ಗಂಡಸರು, ಹೀಗೆ ಬಗೆಬಗೆಯ ಜನ ಅದನ್ನು ಓದುತ್ತಿದ್ದರು. ಒಬ್ಬರಿಗೇ ಆದರೂ ತಟ್ಟೆ ಹಾಕಿಕೊಂಡು ಕೂತು ಉಣ್ಣಿ ಎಂದು ಅವಳು ಬರೆಯುತ್ತಿದ್ದಳು. ಮಲಗುವ ಮೊದಲು ಆ ದಿನ ಕಂಡ ಮೂರು ಸಂಗತಿಗಳನ್ನು ಗಟ್ಟಿಯಾಗಿ ಹೇಳಿಕೊಳ್ಳಿ, ಗೋಡೆಯಾದರೂ ಕೇಳಿಸಿಕೊಳ್ಳಲಿ ಎನ್ನುತ್ತಿದ್ದಳು.

ಅವಳೂ ಮದುವೆಯಾಗಿರಲಿಲ್ಲ. ವಯಸ್ಸು ನಲವತ್ತೇಳು, ಕಾಲೇಜೊಂದರ ಲೈಬ್ರರಿಯಲ್ಲಿ ಕೆಲಸ. ಆದರೆ ಗೋಪಾಳ ಬಡಾವಣೆಯ ಮನೆಯಲ್ಲಿ ಅವಳೊಬ್ಬಳೇ ಇರಲಿಲ್ಲ. ಅವಳಿಗಿಂತ ಹದಿನಾಲ್ಕು ವರ್ಷ ದೊಡ್ಡವಳಾದ ಅಕ್ಕ ಮಹಾಂತಮ್ಮ ಜೊತೆಗಿದ್ದಳು. ಅವಳೂ ಮದುವೆಯಾಗದವಳೇ, ರಿಟೈರಾದ ಪ್ರೈಮರಿ ಶಾಲೆಯ ಟೀಚರ್. ಮೊದಲ ಅಂಕಣ ಓದಿದ ಸಂಪಾದಕ ಲಕ್ಷ್ಮೀಕಾಂತ, "ಅಕ್ಕನ ವಿಷಯ ಬೇಡ ಮೇಡಂ, ಪೂರ್ತಿ ಒಂಟಿ ಅಂತಲೇ ಇರ್ಲಿ. ಓದೋರಿಗೆ ಹತ್ತಿರ ಆಗುತ್ತೆ" ಎಂದಿದ್ದರು. ಪ್ರಿಯದರ್ಶಿನಿ ಅಕ್ಕನಿದ್ದ ಸಾಲನ್ನು ಹೊಡೆದುಹಾಕಿದ್ದಳು. ಪೇಪರ್ ನೋಡಿದ ಮಹಾಂತಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. "ಒಂದೇ ಗೀಟಲ್ಲಿ ನನ್ನನ್ನ ಸಾಯಿಸಿಬಿಟ್ಯಲ್ಲೇ ಮಾರಾಯ್ತಿ!"

ಆಮೇಲಿನ ಅಂಕಣಗಳಲ್ಲಿ ಅರ್ಧಕ್ಕರ್ಧ ಮಹಾಂತಮ್ಮನ ಮಾತುಗಳೇ. ಊಟಕ್ಕೆ ಕೂತಾಗ ಅವಳು ಆಡಿದ್ದನ್ನು ಪ್ರಿಯದರ್ಶಿನಿ ತನ್ನದೆಂಬಂತೆ ಬರೆಯುತ್ತಿದ್ದಳು. ದಿನದ ಮೂರು ಸಂಗತಿಗಳನ್ನು ಗಟ್ಟಿಯಾಗಿ ಹೇಳುತ್ತಿದ್ದದ್ದೂ ನಿಜವೇ. ಕೇಳಿಸಿಕೊಳ್ಳುತ್ತಿದ್ದದ್ದು ಮಾತ್ರ ಗೋಡೆಯಲ್ಲ.

ಮಹಾಂತಮ್ಮ ತೀರಿಕೊಂಡದ್ದು ಫೆಬ್ರವರಿಯ ಒಂದು ಬೆಳಿಗ್ಗೆ. ತಂಗಿ ತಾರಸಿಯಿಂದ ಒಣಗಿದ ಬಟ್ಟೆ ತರುವಷ್ಟರಲ್ಲಿ ಅಕ್ಕ ಕುರ್ಚಿಯಲ್ಲಿ ಒರಗಿದ್ದಳು. ಒಂದು ಕಾಲಿಗೆ ಚಪ್ಪಲಿ ಇತ್ತು, ಇನ್ನೊಂದು ಬರಿಗಾಲು. ಅಕ್ಕಪಕ್ಕದವರು ಬಂದು ಅತ್ತರು. ಪ್ರಿಯದರ್ಶಿನಿ ಬಂದವರಿಗೆ ಕುರ್ಚಿ ಹಾಕಿದಳು, ನೀರು ಕೊಟ್ಟಳು, ಕಾಗದ ಪತ್ರಗಳಿಗೆ ಸಹಿ ಮಾಡಿದಳು. ಕಣ್ಣಲ್ಲಿ ಒಂದು ಹನಿಯೂ ಬರಲಿಲ್ಲ. ಆ ವಾರ ಲಕ್ಷ್ಮೀಕಾಂತ ಫೋನ್ ಮಾಡಿ, "ಈ ಸಲ ಬಿಡಿ ಮೇಡಂ" ಎಂದರೆ, "ಬರೆದಾಗಿದೆ, ಕಳಿಸ್ತೀನಿ" ಎಂದಳು.

ಹಾಗೆಯೇ ಎಂಟು ತಿಂಗಳು ಕಳೆಯಿತು. ಬೆಳಿಗ್ಗೆ ಒಮ್ಮೆ ಅನ್ನ ಮಾಡಿ, ಎರಡು ಹೊತ್ತೂ ಪಾತ್ರೆಯಿಂದಲೇ ನಿಂತುಕೊಂಡು ತಿನ್ನುತ್ತಿದ್ದಳು. ಸಾರಿಗೆ ಉಪ್ಪು ಹಾಕಿಲ್ಲವೆಂಬುದು ಒಂದೊಂದು ದಿನ ಸಂಜೆಯಾದರೂ ಗೊತ್ತಾಗುತ್ತಿರಲಿಲ್ಲ. ಜೋಮು ಹಿಡಿದ ಕಾಲನ್ನು ಚಿವುಟಿದರೆ ಚಿವುಟಿದ್ದು ಕಾಣುತ್ತದೆ, ನೋವು ಮಾತ್ರ ಬರುವುದಿಲ್ಲ. ಅವಳಿಗೆ ಮೈಯೆಲ್ಲ ಹಾಗಾಗಿತ್ತು. ಅಂಕಣ ಮಾತ್ರ ಒಂದು ವಾರವೂ ತಪ್ಪಲಿಲ್ಲ. ಬೆರಳುಗಳಿಗೆ ಅದು ರೂಢಿಯಾಗಿತ್ತು.

ಅಕ್ಟೋಬರಿನಲ್ಲಿ ಭದ್ರಾವತಿಯ ಸಣ್ಣ ಮಠವೊಂದರ ಸ್ವಾಮಿಗಳು ಫೋನ್ ಮಾಡಿದರು. ತಿಂಗಳ ಎರಡನೇ ಭಾನುವಾರ ಅವರು ಒಂಟಿ ಜನರನ್ನು ಸೇರಿಸಿ ಪ್ರವಚನ ಮಾಡುತ್ತಿದ್ದರು. "ನಮ್ಮ ಬಳಗದಲ್ಲಿ ನಿಮ್ಮ ಅಂಕಣ ಓದದೇ ಇರೋರಿಲ್ಲ ತಾಯಿ. ಒಂದು ಸಲ ಬಂದು ಮಾತಾಡಬೇಕು." ಪ್ರಿಯದರ್ಶಿನಿ ಒಪ್ಪಿಕೊಂಡಳು. ಬೇಡವೆನ್ನುವುದಕ್ಕೂ ಮನಸ್ಸು ಅಂತ ಒಂದು ಬೇಕಲ್ಲ.

ಮಠದ ಹಾಲ್‌ನಲ್ಲಿ ಮೂವತ್ತು ಜನ ಜಮಖಾನದ ಮೇಲೆ ಕೂತಿದ್ದರು. ಸ್ವಾಮಿಗಳಿಗೆ ಮೂವತ್ತೈದು ಇದ್ದೀತು. ಕಾವಿಯೊಳಗೆ ತೆಳ್ಳಗಿನ ಮೈ, ಮೃದುವಾದ ಮಾತು. ಪ್ರಿಯದರ್ಶಿನಿ ಬರೆದು ತಂದಿದ್ದ ನಾಲ್ಕು ಪುಟ ಓದಿದಳು. ಜನ ತಲೆದೂಗಿದರು. ಕೊನೆಗೆ ಕಾರ್ಖಾನೆಯಲ್ಲಿ ಲೇತ್ ಮೆಷಿನ್ ನಡೆಸುವ ಉಜ್ಜನಪ್ಪ ಎಂಬುವವರು ಎದ್ದು ನಿಂತರು. ಐವತ್ತು ದಾಟಿದ ಬ್ರಹ್ಮಚಾರಿ.

"ಮೇಡಂ, ತಪ್ಪು ತಿಳ್ಕೋಬೇಡಿ. ನೀವು ಹೇಳ್ದಂಗೇ ತಟ್ಟೆ ಹಾಕ್ಕೊಂಡು ಕೂರ್ತೀನಿ. ಆದ್ರೆ ತುತ್ತು ಗಂಟ್ಲಲ್ಲಿ ಇಳಿಯಲ್ಲ. ನೀವು ಹೆಂಗೆ ಉಣ್ತೀರಿ ದಿನಾ?"

ಇಂಥ ಪ್ರಶ್ನೆಗೆ ಅವಳ ಬಳಿ ಹತ್ತು ಉತ್ತರಗಳಿದ್ದವು, ಹತ್ತೂ ಅಚ್ಚಾಗಿದ್ದವು. ಆದರೆ ಬಾಯಿಗೆ ಬಂದದ್ದು ಬೇರೆ.

"ನಾನು ನಿಂತ್ಕೊಂಡು ತಿಂತೀನಿ" ಎಂದಳು. "ಪಾತ್ರೆಯಿಂದಲೇ. ಈಗ ಎಂಟು ತಿಂಗಳಿಂದ. ಅದಕ್ಕೆ ಮುಂಚೆ ನನ್ನ ಅಕ್ಕ ಇದ್ಲು. ಒಂಬತ್ತು ವರ್ಷ ನಾನು ಒಂದು ತಟ್ಟೆ ಅಂತ ಬರೆದೆ. ನಮ್ಮನೇಲಿ ದಿನಾ ಎರಡು ತಟ್ಟೆ ಹಾಕ್ತಿದ್ವಿ. ಒಂಟಿ ಬದುಕು ಅಂದ್ರೆ ಏನೂಂತ ನಂಗೆ ಗೊತ್ತೇ ಇರ್ಲಿಲ್ಲ."

ಪಂಚಾಂಗ ಓದಿದಷ್ಟು ಸಪ್ಪೆಯಾಗಿ ಹೇಳಿದಳು. ಆಗ ಹಿಂದಿನ ಸಾಲಿನಿಂದ ಹೆಂಗಸೊಬ್ಬಳು ಎದ್ದಳು. ಕೊರಳಲ್ಲಿ ಅಳತೆಯ ಟೇಪು ಇನ್ನೂ ಹಾಗೇ ನೇತಾಡುತ್ತಿತ್ತು.

"ನಾನು ವೀಣಾ. ಇಲ್ಲೇ ಬ್ಲೌಸ್ ಹೊಲೀತೀನಿ. ಆಯನೂರಲ್ಲಿ ಅಣ್ಣನ ಮನೇಲಿ ಬಿಟ್ಟಿ ಚಾಕರಿ ಮಾಡ್ಕೊಂಡು ಬಿದ್ದಿದ್ದೆ. ಮೂರು ವರ್ಷದ ಹಿಂದೆ ನಿಮ್ಮ ಅಂಕಣ ಓದಿ ಮನೆ ಬಿಟ್ಟು ಬಂದೆ. ಅಣ್ಣ ಇವತ್ತಿಗೂ ಮಾತಾಡಲ್ಲ. ಈಗ ಸುಳ್ಳು ಅಂತೀರಲ್ಲ ಮೇಡಂ?"

"ಹೌದು" ಎಂದಳು ಪ್ರಿಯದರ್ಶಿನಿ. ನಾಚಿಕೆಯಾಗಬೇಕಾಗಿತ್ತು. ಆಗುತ್ತದೇನೋ ಎಂದು ಒಳಗೆ ಹುಡುಕಿದಳು. ಏನೂ ಸಿಗಲಿಲ್ಲ.

ಸ್ವಾಮಿಗಳು ಮೈಕ್ ಪಕ್ಕಕ್ಕಿಟ್ಟರು. "ತಪ್ಪು ಅವರೊಬ್ಬರದ್ದಲ್ಲ. ಎರಡು ವರ್ಷದಿಂದ ನಾನೂ ಅವರ ಅಂಕಣ ಓದ್ಕೊಂಡೇ ನಿಮಗೆ ಪ್ರವಚನ ಹೇಳ್ತಿದ್ದೆ. ನನ್ನನ್ನ ಮಠಕ್ಕೆ ಬಿಟ್ಟಾಗ ನಂಗೆ ಹನ್ನೊಂದು ವರ್ಷ. ಒಂಟಿಯಾಗಿರ್ತೀಯಾ ಅಂತ ಯಾರೂ ಕೇಳ್ಲಿಲ್ಲ. ನಿಮಗೆ ಹೇಳೋದಕ್ಕೆ ನನ್ನ ಹತ್ರ ಸ್ವಂತದ್ದು ಅಂತ ಏನೂ ಇರ್ಲಿಲ್ಲ." ಆಮೇಲೆ, "ಇವತ್ತಿಗೆ ಸಾಕು" ಎಂದು ಎದ್ದು ಒಳಗೆ ಹೋದರು.

ಕೆಲವರು ಗೊಣಗುತ್ತ ಹೊರಟರು. ಉಜ್ಜನಪ್ಪ ಮಾತ್ರ ಅವಳ ಹತ್ತಿರ ಬಂದು ಕೈಮುಗಿದು, "ನೀವೂ ಕೂತು ಉಣ್ಣಲ್ಲ ಅಂದ್ರಲ್ಲ, ಅಷ್ಟು ಸಾಕು ಬಿಡಿ" ಎಂದು ಹೋದರು. ಪ್ರಿಯದರ್ಶಿನಿ ಚಪ್ಪಲಿ ಮೆಟ್ಟಿಕೊಳ್ಳುವಾಗ ವೀಣಾ ಗೇಟಿನ ಬಳಿ ಕಾಯುತ್ತಿದ್ದಳು. ಬೈಯುವುದಕ್ಕಿರಬೇಕು ಎಂದು ಪ್ರಿಯದರ್ಶಿನಿಗೆ ಅನಿಸಿತು.

"ಬನ್ನಿ" ಎಂದಳು ವೀಣಾ.

"ಎಲ್ಲಿಗೆ?"

"ನಮ್ಮನೆಗೆ. ನೋಡಿ ಹೋಗಿ. ನಿಮ್ಮಿಂದ ಆಗಿದ್ದಲ್ವಾ?"

ವೀಣಾಳ ಕೋಣೆ ಹಳೇನಗರದ ಒಂದು ಹಿಟ್ಟಿನ ಗಿರಣಿಯ ಮೇಲಿತ್ತು. ಕಿಟಕಿಯ ಸರಳುಗಳ ಮೇಲೆ ಬಿಳಿ ಹುಡಿ ಕೂತಿತ್ತು. ಒಂದು ಹೊಲಿಗೆ ಮೆಷಿನ್, ಒಂದು ಚಾಪೆ, ಸ್ಟವ್. ವೀಣಾ ಅನ್ನ ಬಸಿದು, ಹುರುಳಿಕಾಳಿನ ಸಾರು ಬಿಸಿ ಮಾಡಿದಳು. ಇದ್ದ ಒಂದೇ ತಟ್ಟೆಯನ್ನು ಪ್ರಿಯದರ್ಶಿನಿಯ ಮುಂದಿಟ್ಟು, ತಾನು ಪಾತ್ರೆಯ ಮುಚ್ಚಳಕ್ಕೆ ಬಡಿಸಿಕೊಂಡಳು.

"ಮೂರು ವರ್ಷದಲ್ಲಿ ಯಾರೂ ಊಟಕ್ಕೆ ಬಂದಿರ್ಲಿಲ್ಲ. ಅದಕ್ಕೆ ಇನ್ನೊಂದು ತಗೊಂಡಿಲ್ಲ" ಎಂದು ನಕ್ಕಳು. "ಕೂತ್ಕೊಂಡೇ ಉಣ್ತೀನಿ ಮೇಡಂ, ನೀವು ಬರೆದಂಗೇ. ಮೂರು ವಿಷಯಾನೂ ಹೇಳ್ತೀನಿ. ಮೊದಲನೇ ತಿಂಗಳು ಭಾಳ ಹೆದರ್ಕೊಂಡಿದ್ದೆ. ಮಂಗಳವಾರ ಗಿರಣಿಗೆ ರಜ. ಆವತ್ತು ಕೆಳಗೆ ಸದ್ದೇ ಇರಲ್ಲ. ಕಿವಿ ಕಿತ್ತಿಟ್ಟಂಗೆ ಆಗೋದು. ಸುಮ್ನೆ ಮೆಷಿನ್ ತುಳೀತಿದ್ದೆ, ಬಟ್ಟೆ ಇಲ್ದೇನೇ. ಆಮೇಲಾಮೇಲೆ ಸರಿ ಹೋಯ್ತು. ಈಗ ಮಂಗಳವಾರಾನೇ ಇಷ್ಟ."

"ಇದನ್ನ ನಾನು ಬರೆದಿಲ್ಲ" ಎಂದಳು ಪ್ರಿಯದರ್ಶಿನಿ.

"ನಿಮಗೆಲ್ಲಿಂದ ಗೊತ್ತಿರುತ್ತೆ? ನೀವು ಮಾಡ್ಲಿಲ್ಲ. ನಾನು ಮಾಡಿದೀನಿ." ವೀಣಾಳ ದನಿಯಲ್ಲಿ ಸಿಟ್ಟಿರಲಿಲ್ಲ. "ದಾರೀಲಿ ಬರ್ತಾ ಯೋಚನೆ ಮಾಡ್ದೆ. ನೀವು ಸುಳ್ಳು ಹೇಳಿದ್ರೇನು, ನಾನು ಆ ಮನೆಗೆ ವಾಪಸ್ ಹೋಗ್ತೀನಾ? ಇಲ್ಲ. ಸಾರು ಹಾಕ್ಲಾ?"

ಪ್ರಿಯದರ್ಶಿನಿ ತಟ್ಟೆ ಮುಂದೆ ಮಾಡಿದಳು. ಸಾರು ಬಿಸಿಯಿದೆ ಎಂಬುದಷ್ಟೇ ನಾಲಿಗೆಗೆ ತಿಳಿಯುತ್ತಿತ್ತು. ಪೂರ್ತಿ ಉಂಡಳು.

ಮರುದಿನ ಲಕ್ಷ್ಮೀಕಾಂತರಿಗೆ ಫೋನ್ ಮಾಡಿ ಅಂಕಣ ನಿಲ್ಲಿಸುವುದಾಗಿ ಹೇಳಿದಳು. ಕಾರಣವನ್ನೂ ಹೇಳಿ, ಕೊನೆಯ ಅಂಕಣವಾಗಿ ಅದನ್ನೇ ಬರೆದು ಕಳಿಸುತ್ತೇನೆ ಎಂದಳು. ಅವರು ಗಾಬರಿಯಾದರು. "ಅದನ್ನೆಲ್ಲ ಪೇಪರಲ್ಲಿ ಹಾಕಕ್ಕಾಗುತ್ತಾ ಮೇಡಂ?"

"ಹಾಕಿ. ಅಕ್ಕನ ಹೆಸರೂ ಹಾಕಿ. ಅದಾದ ಮೇಲೆ ಜಾಗ ಖಾಲಿ ಬಿಡೋದು ಬೇಡ. ಭದ್ರಾವತಿಲಿ ಒಬ್ಬರಿದಾರೆ. ಅವರು ಹೇಳ್ತಾರೆ, ನಾನು ಬರ್ಕೊಡ್ತೀನಿ. ಹೆಸರು ಅವರದ್ದೇ ಇರ್ಬೇಕು."

ವೀಣಾ ಮೊದಲು ಒಪ್ಪಲಿಲ್ಲ. "ಏಳನೇ ಕ್ಲಾಸಿಗೆ ಬಿಟ್ಟೋಳು ನಾನು. ಜನ ನಗ್ತಾರೆ." ಆಮೇಲೆ, ಹೊಲಿಯುತ್ತ ಹೇಳುವುದಾದರೆ ಆಗಬಹುದು ಎಂದಳು. ಪ್ರಿಯದರ್ಶಿನಿ ಭಾನುವಾರದ ಬೆಳಗಿನ ಬಸ್ಸಿಗೆ ಭದ್ರಾವತಿಗೆ ಹೋಗಿ, ಚಾಪೆಯ ಮೇಲೆ ಕೂತು ಬರೆದುಕೊಳ್ಳತೊಡಗಿದಳು. ಒಂದು ಮಾತನ್ನೂ ತಿದ್ದುತ್ತಿರಲಿಲ್ಲ. ತಪ್ಪೊಪ್ಪಿಗೆ ಅಚ್ಚಾದ ವಾರ ಬೈದು ಬರೆದವರು ಹನ್ನೆರಡು ಜನ. ವೀಣಾಳ ಹೆಸರಲ್ಲಿ ಬಂದ ಮೊದಲ ಬರಹಕ್ಕೆ, ಭಾಷೆ ಒರಟಾಯಿತು ಎಂದು ಇಬ್ಬರು ಆಕ್ಷೇಪಿಸಿದರು. ಸ್ವಾಮಿಗಳು ಆ ತಿಂಗಳು ಪ್ರವಚನ ಮಾಡಲಿಲ್ಲ. ಜಮಖಾನದ ಮೇಲೆ ಉಳಿದವರ ನಡುವೆಯೇ ಕೂತು, ಅವರು ಹೇಳುವುದನ್ನು ಕೇಳಿದರಂತೆ.

ಫೆಬ್ರವರಿಯಲ್ಲಿ ಮಹಾಂತಮ್ಮನ ವರ್ಷದ ಪುಣ್ಯತಿಥಿ ಬಂತು. ಪ್ರಿಯದರ್ಶಿನಿ ಸಮಾಧಿಗೆ ಹೂವಿಟ್ಟು, ಜಂಗಮರಿಗೆ ಊಟ ಹಾಕಿ ಕಳಿಸಿದಳು. ಆಗಲೂ ಅಳು ಬರಲಿಲ್ಲ. ಬಂದೇ ಬರುತ್ತದೆಂದು ಅವಳೇನೂ ಕಾದಿರಲಿಲ್ಲ. ಮಧ್ಯಾಹ್ನ ವೀಣಾ ಫೋನ್ ಮಾಡಿ, ಈ ವಾರ ಏನು ಹೇಳಬೇಕೆಂದು ಹೊಳೆದಿದೆ, ಮರೆತುಹೋಗುವ ಮೊದಲು ಬರೆದುಕೊಳ್ಳಿ ಎಂದಳು. ಪ್ರಿಯದರ್ಶಿನಿ ಪೆನ್ನು ಹುಡುಕಿ ತಂದು, "ನಿಧಾನಕ್ಕೆ ಹೇಳಿ" ಎಂದಳು.