ಎಲ್ಲರಿಗೂ ಕೇಳುವ ಚಾನೆಲ್

ಒಲೆಯ ಮೇಲೆ ಗಂಜಿ ಕುದಿಯುತ್ತಿತ್ತು. ನಾನು ಮಗಳು ಜೆನಿಲಾಳ ಜಡೆ ಬಿಡಿಸುತ್ತ ಕಿಟಕಿಯ ಮೇಲಿನ ವೈರ್‌ಲೆಸ್ ಸೆಟ್ಟಿನತ್ತ ಒಂದು ಕಿವಿ ಇಟ್ಟಿದ್ದೆ. ಗಂಡಸರು ಕಡಲಿಗಿಳಿದ ಮೇಲೆ ನಮ್ಮ ಬೀದಿಯ ಹೆಂಗಸರೆಲ್ಲ ಹೀಗೆಯೇ. ಅಡುಗೆಗೆ ಕೈ, ಸೆಟ್ಟಿಗೆ ಕಿವಿ.

ಬೆಳಿಗ್ಗೆ ನನ್ನ ಗಂಡ ಕ್ಲೀಟಸ್ ಅವರ ದನಿ ಚೆನ್ನಾಗಿಯೇ ಕೇಳಿತ್ತು. ಚರ್ಚಿನ ಹಿಂದಿನ ಬೀದಿಯ ಲಾಸರ್ ತನ್ನ ದೋಣಿಯಿಂದ ಕರೆದಿದ್ದ.

"ಎಲ್ಲಿ ಬಿದ್ದಿದ್ದೀಯೋ ಕ್ಲೀಟಸ್?"

"ಕೊಳಚ್ಚಲ್ ಊರಿನ ನೇರಕ್ಕಿದ್ದೀನಿ ಅಣ್ಣಾ. ಬರೀ ಕಸ. ಬಲೆ ತೊಳೆಯೋಕೆ ಬಂದಂಗಾಯ್ತು. ನೀನು?"

"ನಾನಾ? ತೆಂಕಣಕ್ಕೆ ಬಹಳ ದೂರ ಬಂದ್ಬಿಟ್ಟೆ. ಇಲ್ಲೂ ಏನಿಲ್ಲ."

ನನಗೆ ನಗು ಬಂದಿತ್ತು. ಅವರೂ ದೋಣಿಯಲ್ಲಿದ್ದ ನಂಬಿಕೆಯ ಇಬ್ಬರೂ ಬಲೆಯನ್ನೇ ಒಯ್ದಿರಲಿಲ್ಲ. ಒಯ್ದದ್ದು ಗಾಳಗಳನ್ನು, ಅಂದರೆ ಹೋಗಿದ್ದು ಮಾವನವರ ಬಂಡೆಗೆ. ಕಡಲೊಳಗಿನ ಆ ಬಂಡೆಯನ್ನು ಮಾವ ಹುಡುಕಿದ್ದು. ಸ್ವಂತ ತಮ್ಮನಿಗೂ ತೋರಿಸದೆ ಮಗನಿಗೊಬ್ಬನಿಗೆ ತೋರಿಸಿ ತೀರಿಕೊಂಡರು. ಅದರ ಗುರುತುಗಳು ಮನೆಯಲ್ಲಿ ಅತ್ತೆಗೂ ನನಗೂ ಗೊತ್ತು, ಹೊರಗೆ ಯಾರಿಗೂ ಇಲ್ಲ. ಬೇರೆ ದೋಣಿಗಳು ಬರಿಗೈಯಲ್ಲಿ ಬಂದ ದಿನವೂ ನಮ್ಮ ಒಲೆ ಉರಿದದ್ದು ಆ ಬಂಡೆಯಿಂದ. ಇದ್ದ ಜಾಗವನ್ನು ಚಾನೆಲ್‌ನಲ್ಲಿ ನಿಜ ಹೇಳುವವರು ನಮ್ಮಲ್ಲಿ ಯಾರೂ ಇಲ್ಲ. ಕೇಳಿಸಿಕೊಂಡವರು ನಂಬುವುದೂ ಇಲ್ಲ.

ಬಿಸಿಲು ನೆತ್ತಿಗೆ ಬರುವಷ್ಟರಲ್ಲಿ ಪಡುವಣ ಗಾಳಿ ಎದ್ದಿತು. ಅಂಗಳದಲ್ಲಿ ಒಣಹಾಕಿದ ಮೀನಿನ ಮೇಲಿನ ಬಲೆ ಪಟಪಟ ಬಡಿಯತೊಡಗಿತು. ಆಗಲೇ ಸೆಟ್ಟಿನಲ್ಲಿ ಅವರ ದನಿ ತುಂಡುತುಂಡಾಗಿ ಬಂತು.

"ಎಂಜಿನ್ ನಿಂತಿದೆ... ನೀರು ಒಳಗೆ... ಬ್ಯಾಟರಿ ಹತ್ರ..."

ಮುಂದೆ ಏನೂ ಇಲ್ಲ. ಸುಯ್ಯೆನ್ನುವ ಸದ್ದು ಬಾರದಂತೆ ತಡೆಯುವ ಗುಂಡಿಯನ್ನು ನಾನು ಪೂರ್ತಿ ತಿರುಗಿಸಿ ಬಿಟ್ಟೆ. ಆ ಸದ್ದಿನ ಅಡಿಯಲ್ಲಿ ಸಣ್ಣ ದನಿ ಇದ್ದರೂ ಕೇಳಲಿ ಎಂದು. ಮನೆಯೆಲ್ಲ ಮರಳು ಸುರಿದಂತಾಯಿತು. ಜೆನಿಲಾ ಕಿವಿ ಮುಚ್ಚಿಕೊಂಡಳು. ಅವರ ದನಿ ಮಾತ್ರ ಬರಲಿಲ್ಲ.

ಮೀನು ತಿರುವುತ್ತಿದ್ದ ಅತ್ತೆ ಲೂರ್ದಮ್ಮ ಒದ್ದೆ ಕೈಯಲ್ಲೇ ಒಳಗೆ ಬಂದರು.

"ಯಾರ ದನಿ ಮಗಳೇ? ನಮ್ಮವನದ್ದಾ?"

ನಾನು ಉತ್ತರ ಕೊಡುವ ಮೊದಲೇ ಲಾಸರ್ ಸೆಟ್ಟಿನಲ್ಲಿ ಕೂಗಿದ. "ಕರೇಲಿರೋರು ಯಾರಾದ್ರೂ ಕೇಳ್ತಿದ್ದೀರಾ? ಕ್ಲೀಟಸ್ ಕೊಳಚ್ಚಲ್ ಅಂದಿದ್ದ. ಬಂದರಿನಿಂದ ದೊಡ್ಡ ದೋಣಿ ಅತ್ತ ಹೊರಟಿದೆ. ಅವನು ಕೊಳಚ್ಚಲ್ ಅಂದ್ರೆ ಅಲ್ಲೊಂದು ಬಿಟ್ಟು ಎಲ್ಲಾದ್ರೂ ಇರ್ತಾನೆ, ನಂಗೊತ್ತು. ನಿಜ ಎಲ್ಲಿದ್ದಾನೆ? ಓವರ್."

ನಾನು ಮೈಕ್ ಎತ್ತಿಕೊಂಡೆ. ಅತ್ತೆ ನನ್ನ ಮಣಿಕಟ್ಟು ಹಿಡಿದರು.

"ಬೇಡ. ಇದ್ರಲ್ಲಿ ಹೇಳ್ಬೇಡ. ಲಾಸರ್‌ನ ಬೇರೆ ಚಾನೆಲ್‌ಗೆ ಕರಿ."

"ಕರೆದ್ರೆ ಊರೆಲ್ಲ ಹಿಂದೇ ಬರುತ್ತೆ ಮಾಮಿ. ಯಾರಾದ್ರೂ ಚಾನೆಲ್ ಬದಲಿಸಿದ್ರೆ ನಾವೇ ಬಿಡ್ತೀವಾ?"

"ನಾಳೆ ಆ ಬಂಡೆ ಮೇಲೆ ಸಂತೆ ನೆರೆಯುತ್ತೆ. ಆಮೇಲೆ ಈ ಮಗು ಏನು ತಿನ್ನುತ್ತೆ?"

ಅವರು ಕೆಟ್ಟವರಲ್ಲ. ಗಂಡ ಉಳಿಸಿ ಹೋದದ್ದು ಆ ಗುಟ್ಟು ಒಂದೇ. ನಾನು ಮೈಕ್ ಕೆಳಗಿಳಿಸಿದೆ.

"ಮಾಮಿ, ಲಾಸರ್ ತೆಂಕಣಕ್ಕಿದ್ದೀನಿ ಅಂದಿದ್ದಾನೆ. ಅದೂ ಸುಳ್ಳೇ. ಎಲ್ಲರೂ ಸುಳ್ಳು ಹೇಳಿರುವಾಗ ನಮ್ಮವರ ಹತ್ತಿರ ಯಾರಿದ್ದಾರೆ ಅಂತ ಯಾರಿಗೆ ಗೊತ್ತು? ಎಲ್ಲರಿಗೂ ಕೇಳಿಸಿದ್ರೇನೇ ಹತ್ತಿರದವನಿಗೂ ಕೇಳಿಸೋದು."

ಗಾಳಿಗೆ ಕಿಟಕಿಯ ಬಾಗಿಲು ಬಡಿಯಿತು. ಗಂಜಿ ಉಕ್ಕಿ ಒಲೆ ಚುರ್ರೆಂದಿತು. ನಾನು ಪಾತ್ರೆ ಇಳಿಸಿ ತಿರುಗುವಷ್ಟರಲ್ಲಿ ಮೈಕ್ ಅತ್ತೆಯ ಕೈಯಲ್ಲಿತ್ತು. ಇಷ್ಟು ವರ್ಷಗಳಲ್ಲಿ ಅದನ್ನವರು ಮುಟ್ಟಿದ್ದಿಲ್ಲ.

"ನಾನು ಕ್ಲೀಟಸ್‌ನ ತಾಯಿ," ಎಂದರು, ದೂರದಲ್ಲಿರುವವರಿಗೆ ಕೂಗಿ ಹೇಳುವಂತೆ. "ಬಡಗಣಕ್ಕೆ ಹೋಗಿ. ಕಡಲಿಂದ ನೋಡಿದ್ರೆ ಚರ್ಚಿನ ಗೋಪುರ ಹಿಂದಿನ ಬೆಟ್ಟದ ಮೂಗಿನ ಮೇಲೆ ನಿಲ್ಲಬೇಕು. ಆ ಗೆರೆ ಬಿಡದೆ ಹೊರಗೆ ಹೋದ್ರೆ ಐಸ್ ಕಾರ್ಖಾನೆ ಚಿಮಣಿ ತೆಂಗಿನ ತೋಪಿನ ತುದಿಗೆ ಬರುತ್ತೆ. ಅಲ್ಲೇ ಕೆಳಗೆ ಬಂಡೆ. ಅಲ್ಲಿಂದ ಗಾಳಿ ಎತ್ತ ಒಯ್ದಿದೆಯೋ... ನನ್ನ ಮಗನ್ನ ಹುಡುಕಿ ಮಕ್ಕಳೇ..."

ಆಮೇಲೆ ಅಳು. ಬೆರಳು ಮಾತ್ರ ಮೈಕಿನ ಗುಂಡಿಯ ಮೇಲೆಯೇ. ಆ ಗುಂಡಿ ಒತ್ತಿರುವ ತನಕ ನಮ್ಮ ಸೆಟ್ಟಿಗೆ ಯಾರ ಮಾತೂ ಬರುವುದಿಲ್ಲ. ಕಡಲಲ್ಲಿರುವವರಿಗೆಲ್ಲ ಅವರ ಅಳುವೊಂದೇ ಕೇಳುತ್ತಿರುತ್ತದೆ. ಕಿತ್ತುಕೊಂಡರೆ ಇನ್ನೂ ಬಿಗಿಯಾಗಿ ಹಿಡಿಯುವರೆಂದು ಪಕ್ಕದಲ್ಲಿ ಕುಳಿತು, ಮಗುವಿನ ಮುಷ್ಟಿ ಬಿಡಿಸುವಂತೆ ಒಂದೊಂದೇ ಬೆರಳು ಬಿಡಿಸಿದೆ.

"ಈಗ ಅವರು ಮಾತಾಡ್ಲಿ ಮಾಮಿ."

ಲಾಸರ್‌ನ ದನಿ ಬಂತು, ಸ್ವಲ್ಪ ನಾಚಿಕೊಂಡಂತೆ.

"ಅಮ್ಮಚ್ಚೀ, ನಾನು ತೆಂಕಣಕ್ಕಿಲ್ಲ. ಬಡಗಣಕ್ಕೇ ಇದ್ದೀನಿ. ಗೋಪುರ ಕಾಣ್ತಿದೆ. ಹೊರಟೆ."

"ಥೂ ಕಳ್ಳ!" ಎಂದರು ಅತ್ತೆ, ಮೂಗು ಒರೆಸಿಕೊಳ್ಳುತ್ತ.

ಆಮೇಲೆ ಒಬ್ಬೊಬ್ಬರೇ ಬಾಯಿ ಬಿಟ್ಟರು. ಮುಟ್ಟಂ ಊರಿನ ನೇರಕ್ಕಿದ್ದೇನೆ ಎಂದಿದ್ದವನೊಬ್ಬ ನಮ್ಮ ಕಣ್ಣೆದುರಿಗೇ ಇದ್ದ. ಇನ್ನೊಬ್ಬ ಬಹಳ ಹೊರಗೆ. ಅವನಿಗೆ ಕೇಳದ್ದನ್ನು ನಡುವಿನವನು ದಾಟಿಸಿದ. ಕಡಲ ತುಂಬ ಇಷ್ಟು ನಿಜ ಮಾತು ನಾನು ಕೇಳಿದ್ದಿಲ್ಲ. ಆದರೆ ನನಗೆ ಬೇಕಾದ ದನಿ ಅದರಲ್ಲಿರಲಿಲ್ಲ. ಜೆನಿಲಾಳಿಗೆ ಗಂಜಿ ಆರಿಸಿ ಕೊಟ್ಟೆ. ಒಂದು ತುತ್ತು ನನ್ನ ಬಾಯಿಗೂ ಇಟ್ಟಳು. ಬಾಗಿಲಿಗೆ ಹೋದೆ, ಸೆಟ್ಟಿನ ಬಳಿಗೆ ಬಂದೆ, ಮತ್ತೆ ಬಾಗಿಲಿಗೆ ಹೋದೆ.

"ಸಿಕ್ಕ!" ಲಾಸರ್ ಕೂಗಿದ. "ಮೂವರೂ ಇದ್ದಾರೆ. ಬಕೆಟ್ಟಿನಲ್ಲಿ ನೀರು ಮೊಗೆದು ಹೊರಗೆ ಚೆಲ್ತಿದ್ದಾರೆ. ಹಗ್ಗ ಎಸೀತಿದ್ದೀನಿ."

ಅತ್ತೆ ಜೆನಿಲಾಳನ್ನು ಎಳೆದು ತಬ್ಬಿಕೊಂಡರು. ಸ್ವಲ್ಪ ಹೊತ್ತಾದ ಮೇಲೆ, ಲಾಸರ್‌ನ ಸೆಟ್ಟಿನಿಂದ ಕ್ಲೀಟಸ್ ಅವರ ಒಡೆದ ದನಿ.

"ಬಂಡೆ ಯಾರು ಹೇಳಿದ್ದು?"

ಇಡೀ ಚಾನೆಲ್ ಕೇಳಿಸಿಕೊಳ್ಳುತ್ತಿತ್ತೆಂದು ನನಗೆ ಗೊತ್ತು. ಅತ್ತೆ ಕೈ ಚಾಚಿದರು. ಮೈಕ್ ಕೊಟ್ಟೆ.

"ನಾನು ಕಣೋ. ಬೈಯೋದಿದ್ರೆ ಮನೆಗೆ ಬಂದು ಬೈ," ಎಂದವರೇ ಈ ಸಲ ತಟ್ಟನೆ ಬೆರಳು ತೆಗೆದರು.

ಗಾಳಿಯ ಸದ್ದು. ಎಂಜಿನ್‌ನ ಸದ್ದು. ಆಮೇಲೆ ನನ್ನ ಗಂಡ ಮಾತಾಡಿದ್ದು ನಮ್ಮೊಡನೆ ಅಲ್ಲ.

"ಲಾಸರ್ ಅಣ್ಣಾ, ಬಲಕ್ಕೆ ತಿರುಗಿಸ್ಬೇಡ. ಅಲ್ಲಿ ಬಂಡೆ ಮೇಲಕ್ಕೆದ್ದಿದೆ. ಹಿಂದೆ ಬರೋ ದೋಣಿಗಳೂ ಕೇಳ್ಕೊಳ್ಳಿ. ತೆಂಕಣ ಬದಿಯಿಂದ ಬನ್ನಿ, ಅಲ್ಲಿ ಆಳ ಇದೆ."

ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡರು. ಎಳೆದು ತರುವ ದೋಣಿ ದಡ ಸೇರಲು ಸಂಜೆಯಾದೀತು. ಗಾಳಿ ಇನ್ನೂ ಏರುತ್ತಲೇ ಇತ್ತು. ನಾನು ಇನ್ನಷ್ಟು ಅಕ್ಕಿ ತೊಳೆದು ಒಲೆಗಿಟ್ಟೆ. ಲಾಸರ್‌ನ ಕಡೆಯವರಿಗೂ ಬಡಿಸಬೇಕಲ್ಲ.