ಉಗುರಿನ ಗೀರು

ತವಿನ್ ಬಾಳೆಗೊನೆಯನ್ನು ಜಗಲಿಯ ಅಂಚಿಗೆ ಇಟ್ಟು, ಒಳಗೆ ಬಾರದೆ ಕೆಳಗಿನ ಮೆಟ್ಟಿಲಲ್ಲೇ ಕೂತ. ಲಮುನ್ ತಲೆ ಎತ್ತಲಿಲ್ಲ. ತೊಡೆಯ ಮೇಲೆ ಮಣಿಯಂಗಿ ಹರಡಿಕೊಂಡು, ಭುಜದ ಕಡೆ ಕಿತ್ತುಹೋಗಿದ್ದ ಕೆಂಪು ಮಣಿಗಳನ್ನು ಒಂದೊಂದಾಗಿ ದಾರಕ್ಕೆ ಏರಿಸುತ್ತಿದ್ದಳು.

"ಚೆನ್ನಾಗಿದ್ದೀರಾ ಅಕ್ಕ?"

"ಕಣ್ಣಿಗೆ ಕಾಣ್ತಿಲ್ವ?"

"ಕಾಣ್ತಿದೆ. ಮುಖ ಒಂದು ಕಾಣ್ತಿಲ್ಲ."

ಒಳಗೆ ಜೊಂಡಿನ ಚಾಪೆ ಹೆಣೆಯುತ್ತಿದ್ದ ಮೊಮ್ಮಗಳು ಬುವಾ ಕಿಸಕ್ಕನೆ ನಕ್ಕಳು. ಲಮುನ್ ಅತ್ತ ತಿರುಗಿ ನೋಡಿದ ಮೇಲೆ ನಗು ನಿಂತಿತು.

ಕೆರೆಯಂಚಿನ ಈ ಊರಿನಲ್ಲಿ ಲಮುನ್ ಕಿರೀಟ, ಮಣಿಯಂಗಿ ತೊಟ್ಟು ಆಡುವ ನೋರಾ ಕುಣಿತ ಕಲಿಸಲು ಶುರುಮಾಡಿ ನಲವತ್ತು ವರ್ಷವಾಗಿತ್ತು. ತವಿನ್ ರಬ್ಬರ್ ತೋಟದಾಚೆ ತಗಡಿನ ಗರಡಿ ಕಟ್ಟಿಕೊಂಡು ಮಕ್ಕಳಿಗೆ ಮೊಣಕೈ, ಮಂಡಿ, ಕಾಲನ್ನೂ ಬಳಸುವ ಬಾಕ್ಸಿಂಗ್ ಕಲಿಸುತ್ತಿದ್ದ. ಹದಿನೇಳು ವರ್ಷದ ರುಂಗ್ ಇಬ್ಬರಿಗೂ ಶಿಷ್ಯೆ. ಏಳನೆಯ ವಯಸ್ಸಿನಿಂದ ಲಮುನ್ ಹತ್ತಿರ, ಈಚೆಗೆ ಮೂರು ವರ್ಷದಿಂದ ತವಿನ್ ಹತ್ತಿರ.

"ಬಂದ ಕೆಲಸ ಹೇಳಪ್ಪ," ಎಂದಳು ಲಮುನ್.

"ಭಾನುವಾರ ಮಧ್ಯಾಹ್ನ ಜಿಲ್ಲಾ ಮೈದಾನದಲ್ಲಿ ರುಂಗ್ ಆಡ್ತಾಳೆ. ತೋಳಿಗೆ ಕಟ್ಟೋಕೆ ನೀವು ಕುಣೀವಾಗ ಉಟ್ಟ ಹಳೇ ಬಟ್ಟೇದು ಒಂದು ತುಂಡು ಕೊಟ್ಟಿದ್ರೆ..."

ಹೆತ್ತವಳದೋ ಸಾಕಿದವಳದೋ ಬಟ್ಟೆ ಹರಿದು ತೋಳಿಗೆ ಕಟ್ಟಿಕೊಂಡೇ ಬಾಕ್ಸರುಗಳು ಕಣಕ್ಕಿಳಿಯುವುದು.

"ಅವಳಿಗೆ ತಾಯಿ ಇದ್ದಾಳಲ್ಲ."

"ತಾಯೀದು ಎಡಗೈಗೆ ಆಯ್ತು. ಬಲಗೈ ಖಾಲಿ ಇದೆ."

"ಅವಳೇ ಕಳಿಸಿದ್ಲೋ?"

"ಅಯ್ಯೋ, ಇಲ್ಲ. ಗೊತ್ತಾದ್ರೆ ಈ ಮೂಗನ್ನ ಇನ್ನೊಂದ್ಸಲ ಮುರೀತಾಳೆ," ಎಂದು ತವಿನ್ ತನ್ನ ಚಪ್ಪಟೆ ಮೂಗನ್ನು ಮುಟ್ಟಿ ತೋರಿಸಿದ.

ಲಮುನ್ ನಗಲಿಲ್ಲ. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು.

"ನೋಡು ತವಿನ್. ಕುಣಿಯೋದು ಅಂದ್ರೆ ಗುರುಹಿರಿಯರ ಮುಂದೆ ಮೈಯನ್ನ ಒಪ್ಪಿಸಿ ನಿಲ್ಲೋದು. ನಿನ್ನ ಗರಡೀಲಿ ಅದೇ ಮೈಯನ್ನ ನಾಲ್ಕು ಜನರ ಕೇಕೆಗೆ ಕೊಡ್ತೀರಿ. ಎರಡೂ ಒಂದೇ ಅಂತ ನೀನು ಹೇಳಬೋದು. ನನ್ನ ಬಟ್ಟೆ ಅದಕ್ಕೆ ಹರಿಯೋದಿಲ್ಲ."

"ಒಂದೇ ಅಂತ ನಾನೆಲ್ಲಿ ಅಂದೆ? ನನ್ನ ಹತ್ರ ಬರೋ ಮಕ್ಕಳಿಗೆ ಒಂಟಿಕಾಲಲ್ಲಿ ಅಲ್ಲಾಡದೆ ನಿಲ್ಲೋದು ಕಲಿಸೋಕೆ ಒಂದು ವರ್ಷ ಬೇಕು. ಇವಳು ಬಂದ ದಿನವೇ ನಿಂತಳು. ಎಲ್ಲಿ ಕಲಿತೆ ಅಂದೆ. ಅಜ್ಜಿ ಊದುಬತ್ತಿ ಹಚ್ಚಿ, ಅದು ಮುಗಿಯೋ ತನಕ ಕಾಲು ಇಳಿಸೋಕೆ ಬಿಡ್ತಿರಲಿಲ್ಲ ಅಂದ್ಲು."

ಲಮುನ್‌ಗೆ ಹೋದ ವರ್ಷದ ಅಭ್ಯಾಸ ನೆನಪಾಯಿತು. ಉಳಿದ ಹುಡುಗಿಯರು ಅರ್ಧ ಗಂಟೆಗೇ ಏದುಸಿರು ಬಿಡುತ್ತ ಕಂಬಕ್ಕೆ ಒರಗಿದರೆ, ರುಂಗ್ ಮಾತ್ರ ಮೂಗಿನಲ್ಲೇ ಉಸಿರಾಡಿಕೊಂಡು ಮಂಡಿ ಬಗ್ಗಿಸಿಯೇ ಇರುತ್ತಿದ್ದಳು. "ನೋಡ್ರೇ, ನಾನು ಹೇಳಿಕೊಟ್ಟಿದ್ದನ್ನ ಇವಳೊಬ್ಬಳು ಕಲಿತಿದ್ದಾಳೆ," ಎಂದು ಲಮುನ್ ಹೆಮ್ಮೆಪಟ್ಟಿದ್ದಳು. ಆ ಉಸಿರನ್ನು ಬೆಳಗಿನ ಜಾವ ರಬ್ಬರ್ ತೋಟದ ಸುತ್ತ ಓಡಿಸಿ ತುಂಬಿದವನು ಈ ಮೆಟ್ಟಿಲ ಮೇಲೆ ಕೂತಿದ್ದ. ಆಗಲೂ ಅದು ಗೊತ್ತಿತ್ತು. ಗೊತ್ತಿಲ್ಲದವಳಂತೆ ಇದ್ದಳು.

"ಕಿರೀಟಕ್ಕೆ ಮುಂಚೆ ಮೂರು ತಿಂಗಳು ಗ್ಲೌಸ್ ಮುಟ್ಟಲ್ಲ ಅಂತ ನನಗೆ ಮಾತು ಕೊಟ್ಟಿದ್ಲು," ಎಂದಳು. "ಕಿರೀಟದ ದಿನ ಕಣ್ಣು ಊದಿಸಿಕೊಂಡು ಬಂದ್ಲು. ಊರೆಲ್ಲ ನೋಡಿದೆ."

ಅದಾಗಿ ಹನ್ನೆರಡು ದಿನವಾಗಿತ್ತು. ವರ್ಷಕ್ಕೊಮ್ಮೆ, ಆರನೆಯ ತಿಂಗಳಲ್ಲಿ, ಚಪ್ಪರ ಹಾಕಿ, ತೀರಿಹೋದ ಹಳೆಯ ಗುರುಗಳ ಆತ್ಮಗಳನ್ನೆಲ್ಲ ಕರೆದು ಕೂರಿಸಿ, ಕಲಿತು ಮುಗಿಸಿದವರ ತಲೆಗೆ ನೋರಾ ಕಿರೀಟ ಇಳಿಸುತ್ತಾರೆ. ಕಿರೀಟವನ್ನು ಚಪ್ಪರದ ತೊಲೆಗೆ ದಾರದಲ್ಲಿ ಕಟ್ಟಿರುತ್ತಾರೆ. ದಾರದ ಇನ್ನೊಂದು ತುದಿ ಗುರುವಿನ ಕೈಯಲ್ಲಿ. ಮೂರು ಸಲ ಇಳಿಸಿ ಎತ್ತಿದರೆ ಅವಳು ಪೂರ್ಣ ನೋರಾ ಕಲಾವಿದೆ ಆದಳು.

ಮೊದಲು ಬುವಾಳ ತಲೆಗೆ ಇಳಿಸಿದ್ದಾಯಿತು. ಆಮೇಲೆ ರುಂಗ್ ಬಂದು ಮಂಡಿಯೂರಿದಳು. ಮುಖ ಎತ್ತಿದಾಗ ಪೌಡರಿನ ಅಡಿಯಲ್ಲಿ ಎಡಗಣ್ಣಿನ ಕೆಳಗಿನ ಬಾವು ಕಾಣಿಸಿತು. ಲಮುನ್ ದಾರ ಬಿಡಲಿಲ್ಲ. "ಗುದ್ದಿಸಿಕೊಂಡ ಮುಖಕ್ಕೆ ಇದು ಇಳಿಯೋದಿಲ್ಲ. ಎದ್ದೇಳು," ಎಂದಳು. ಡೋಲು ನಿಂತುಹೋಗಿದ್ದರಿಂದ ಹಿಂದೆ ನಿಂತವರಿಗೂ ಕೇಳಿಸಿತು. ರುಂಗ್‌ಳ ತಾಯಿ ಮಗಳಿಗೆಂದು ತಂದ ಹೂವನ್ನು ಮಡಿಲಲ್ಲಿ ಮುಚ್ಚಿಕೊಂಡಳು. ರುಂಗ್ ಬಾಯಿ ತೆರೆದಳು, ಬುವಾಳ ಕಡೆ ಒಮ್ಮೆ ನೋಡಿದಳು, ಬಾಯಿ ಮುಚ್ಚಿದಳು. ಮೂರು ಸಲ ನೆಲಕ್ಕೆ ಹಣೆ ಮುಟ್ಟಿಸಿ ಎದ್ದಳು. ಹೋಗುವಾಗ ಬುವಾಳ ಬೆನ್ನ ಹಿಂದೆ ಸಡಿಲವಾಗಿದ್ದ ನೋರಾ ವೇಷದ ಹಂಸದ ಬಾಲವನ್ನು ಬಿಗಿದು ಕಟ್ಟಿಯೇ ಹೋದಳು.

"ಮಾತು ತಪ್ಪಿದವಳಿಗೆ ಅಷ್ಟಾದ್ರೂ ಆಗಬೇಕು," ಎಂದಳು ಲಮುನ್.

ತವಿನ್ ಎದ್ದು ನಿಂತ. ಅವನ ದನಿ ಬದಲಾಗಿತ್ತು.

"ಅಕ್ಕ, ನಾನು ಮೂವತ್ತು ವರ್ಷದಿಂದ ಒಡೆದ ಮುಖಗಳಿಗೆ ಮುಲಾಮು ಹಚ್ಚಿದೋನು. ಗ್ಲೌಸಿನ ಏಟು ಅಗಲಕ್ಕೆ ಊದುತ್ತೆ. ಮೊಣಕೈ ಏಟು ಚರ್ಮವನ್ನ ಸೀಳಿ ಬಿಡುತ್ತೆ. ಅವಳ ಕಣ್ಣ ಕೆಳಗೆ ಕೂದಲೆಳೆಯಷ್ಟು ಗೀರು ಇತ್ತು, ತುದೀಲಿ ಬಾಗಿತ್ತು, ಕುಡುಗೋಲಿನ ಹಾಗೆ. ಆಮೇಲೆ ನಂಜಾಗಿ ಊದಿದ್ದು. ಅಂಥ ಗೀರು ನನ್ನ ಗರಡೀಲಿ ಆಗಲ್ಲ. ಅದು ಆಗೋದು ಇಲ್ಲಿ," ಎಂದು ಜಗಲಿಯ ನೆಲಕ್ಕೆ ಬೆರಳು ತೋರಿಸಿದ. "ಮೂರು ತಿಂಗಳಲ್ಲಿ ಒಂದು ದಿನ ಅವಳು ನನ್ನ ಹತ್ರ ಬಂದಿದ್ದು ಆ ಮುಲಾಮಿಗೆ. ಹೇಳಬೇಡಿ ಮಾವ ಅಂದಿದ್ಲು. ಹೇಳಿಬಿಟ್ಟೆ. ಬರ್ತೀನಿ."

ಅವನು ಹೋದ ಮೇಲೆ ಚಾಪೆ ಹೆಣೆಯುವ ಸದ್ದೂ ಇರಲಿಲ್ಲ.

ಲಮುನ್ ಮಣಿಯಂಗಿಯನ್ನು ಪಕ್ಕಕ್ಕಿಟ್ಟಳು. ಗೋಡೆಯ ಬುಟ್ಟಿಯಲ್ಲಿ ಕುಣಿಯುವಾಗ ಬೆರಳಿಗೆ ತೊಡುವ ಉದ್ದದ ಹಿತ್ತಾಳೆ ಉಗುರುಗಳಿದ್ದವು. ಒಂದನ್ನು ತೆಗೆದು ನೋಡಿದಳು. ತುದಿ ಕುಡುಗೋಲಿನ ಹಾಗೆಯೇ ಬಾಗಿತ್ತು. ಐವತ್ತು ವರ್ಷದಿಂದ ಅವಳು ಅದನ್ನು ತೊಟ್ಟಿದ್ದಳು, ತೊಡಿಸಿದ್ದಳು.

"ಬುವಾ."

"ಅಜ್ಜಿ..."

"ಇಲ್ಲಿ ಬಾ. ಯಾವತ್ತು ಆಗಿದ್ದು?"

ಹುಡುಗಿ ಬಾಗಿಲ ಹತ್ತಿರ ನಿಂತು ಅಳತೊಡಗಿದಳು. "ಮೂರು ದಿನ ಮುಂಚೆ. ನೀವು ವೀಳ್ಯದೆಲೆ ತರೋಕೆ ಹೋಗಿದ್ರಿ. ನಾನು ತಿರುಗುವಾಗ ಕೈ ಜಾಸ್ತಿ ಚಾಚಿದೆ. ರಕ್ತ ಬಂತು. ನಾನು ಹೇಳ್ತೀನಿ ಅಂದೆ ಅಜ್ಜಿ, ದೇವರಾಣೆ ಅಂದೆ. ಅವಳು ಬೇಡ ಅಂದ್ಲು. ಕಿರೀಟದ ವಾರದಲ್ಲಿ ಉಗುರಿಂದ ರಕ್ತ ಬಂದ್ರೆ ಉಗುರು ತೊಟ್ಟವಳಿಗೆ ಆ ವರ್ಷ ಕಿರೀಟ ಇಲ್ಲ ಅಂತ ನೀವೇ ಹೇಳಿದ್ರಲ್ಲ. ಪೌಡರ್ ಹಚ್ಚಿದ್ರೆ ಅಜ್ಜಿಗೆ ಕಾಣಲ್ಲ ಬಿಡು ಅಂದ್ಲು."

"ಆ ದಿನ ಚಪ್ಪರದಲ್ಲಾದ್ರೂ ಹೇಳಬೇಕಿತ್ತು."

"ಹೆದರಿಕೆ ಆಯ್ತು. ಕಿರೀಟ ಆಗಲೇ ನನ್ನ ತಲೆಗೆ ಬಂದಿತ್ತು."

ಲಮುನ್‌ಗೆ ಮೊಮ್ಮಗಳನ್ನು ಬೈಯಬೇಕೆನ್ನಿಸಲಿಲ್ಲ. ಹದಿನಾಲ್ಕರ ಹುಡುಗಿಗೆ ಇದ್ದದ್ದು ಹೆದರಿಕೆ. ಅರವತ್ತಾರರ ತನಗೆ ಇದ್ದದ್ದು ಏನು? ಒಂದು ಸಲ ರುಂಗ್‌ಳ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದ್ದರೆ ಸಾಕಿತ್ತು. ಗಾಯ ಕಂಡ ಕೂಡಲೇ ಅದು ಬಾಕ್ಸಿಂಗಿನದೇ ಎಂದು ಅವಳ ಕಣ್ಣಿಗೆ ಕಂಡಿತ್ತು. ಮೂರು ವರ್ಷದಿಂದ ಹಾಗೆ ಕಾಣಲೆಂದೇ ಕಾದಿತ್ತೇನೋ. ಈಗ ಚಪ್ಪರ ಬಿಚ್ಚಿ ಗುರುಗಳನ್ನು ಕಳಿಸಿಕೊಟ್ಟಾಗಿತ್ತು. ಮುಂದಿನ ಆರನೆಯ ತಿಂಗಳವರೆಗೆ ಕರೆಯುವಂತಿಲ್ಲ.

ಭಾನುವಾರ ಬೆಳಗ್ಗೆ ಪೆಟ್ಟಿಗೆ ತೆರೆದಳು. ಅಡಿಯಲ್ಲಿ ತನ್ನ ಕಿರೀಟದ ದಿನ ಉಟ್ಟಿದ್ದ ನೀಲಿ ಬಟ್ಟೆಯಿತ್ತು. ಅಂಚು ಹಿಡಿದು ಎಳೆದಳು. ಹಳೆಯ ಬಟ್ಟೆ, ಸುಲಭವಾಗಿ ಹರಿಯಿತು. ಆಮೇಲೆ ಅದನ್ನು ಹಿಡಿದುಕೊಂಡು ಬಹಳ ಹೊತ್ತು ಕೂತಳು. ಬುವಾ ಎರಡು ಸಲ ಬೈಕ್ ಹೊರಗೆ ತಂದು ಎರಡು ಸಲ ಒಳಗಿಟ್ಟಳು.

"ಅಜ್ಜಿ, ಮುಗಿದೇ ಹೋಗುತ್ತೆ."

"ಏನಂತ ಹೇಳಲಿ ಅವಳ ಹತ್ರ?"

"ಏನೂ ಹೇಳಬೇಡಿ. ಬಟ್ಟೆ ಕೊಡಿ ಸಾಕು."

ಮೈದಾನ ಸೇರುವಾಗ ಮೂರೂವರೆ. ತಗಡಿನ ಮಾಡಿನ ಕೆಳಗೆ ಕಣದ ಸುತ್ತ ಜನ ತುಂಬಿದ್ದರು. ಹುರಿದ ಕೋಳಿಯ ಹೊಗೆ, ಮುಲಾಮಿನ ಘಾಟು. ಕೆರೆ ಕಡೆಯ ಬಾಗಿಲಲ್ಲಿ ನೂಕುನುಗ್ಗಲು ಇದ್ದದ್ದರಿಂದ ಅವರಿಬ್ಬರೂ ಬಳಸಿಕೊಂಡು ಹಿಂದಿನ ಬಾಗಿಲಿಂದ ಬಂದರು. ಯಾರೋ ಒಬ್ಬ ಗಂಡಸು ಲಮುನ್‌ಳನ್ನು ನೋಡಿ ತನ್ನ ಪ್ಲಾಸ್ಟಿಕ್ ಕುರ್ಚಿಯನ್ನು ಒರೆಸಿ ಅವಳ ಕಡೆ ತಳ್ಳಿದ.

ರುಂಗ್ ಆಗಲೇ ಕಣದ ಹತ್ತಿರ ಬಂದಿದ್ದಳು. ಗಂಡು ಹುಡುಗರು ಮೇಲಿನ ಹಗ್ಗ ದಾಟಿ ಹಾರುತ್ತಾರೆ. ಹೆಣ್ಣಾದ್ದರಿಂದ ಅವಳು ಕೆಳಗಿನ ಹಗ್ಗದ ಅಡಿಯಲ್ಲಿ ತೆವಳಿ ಒಳಗೆ ಹೋದಳು. ತವಿನ್ ಎರಡೂ ಕೈಯಲ್ಲಿ ಹಿಡಿದಿದ್ದ ನೂಲಿನ ಶಿರಪಟ್ಟಿಗೆ ಏನೋ ಮಂತ್ರ ಊದಿ ಅವಳ ತಲೆಗೆ ಇಳಿಸಿದ. ನಿಧಾನವಾಗಿ, ಕಿವಿಗೆ ತಾಗದಂತೆ. ಅವಳ ಎಡತೋಳಿನಲ್ಲಿ ಹೂವಿನ ಬಟ್ಟೆಯ ತುಂಡಿತ್ತು. ಬಲತೋಳು ಬರಿದಾಗಿತ್ತು.

ತವಿನ್ ಜನರ ನಡುವೆ ಲಮುನ್‌ಳನ್ನು ಕಂಡ. ಗಲ್ಲ ಎತ್ತಿ, ಬನ್ನಿ ಎಂದು ಕರೆದ. ಹತ್ತು ಹೆಜ್ಜೆಯೂ ಇರಲಿಲ್ಲ. ಲಮುನ್ ಏಳಲು ಕುರ್ಚಿಯ ಕೈ ಹಿಡಿದಳು. ಅಂದು ಚಪ್ಪರದಲ್ಲಿದ್ದ ಮುಖಗಳೇ ಇಲ್ಲಿಯೂ ಸುತ್ತ ಇದ್ದವು. ಅವಳು ಕುರ್ಚಿಯ ಕೈ ಬಿಟ್ಟಳು. ಓಲಗದವನು ಊದತೊಡಗಿದ.

ಕಾದಾಟಕ್ಕೆ ಮುಂಚಿನ ಗುರುವಂದನೆಯ ಕುಣಿತ ಅದು. ತವಿನ್‌ನ ಹುಡುಗರೆಲ್ಲ ರಬ್ಬರ್ ತೋಟದ ದಿಕ್ಕಿಗೆ, ತಮ್ಮ ಗರಡಿಯ ಕಡೆಗೆ ಮುಖಮಾಡಿ ಕೂರುವುದು ಊರಿಗೆಲ್ಲ ಗೊತ್ತಿತ್ತು. ರುಂಗ್ ಕಣದ ನಡುವೆ ನಿಂತು ಕ್ಷಣ ಯೋಚಿಸಿ, ಕೆರೆಯ ದಿಕ್ಕಿಗೆ ತಿರುಗಿ ಮಂಡಿಯೂರಿದಳು. ಅಲ್ಲಿ, ಗದ್ದೆಗಳಾಚೆ, ಲಮುನ್‌ಳ ಮನೆಯಿತ್ತು. ಬೀಗ ಹಾಕಿಕೊಂಡು ಬಂದ ಮನೆ.

ಅವಳು ಕೈ ಜೋಡಿಸಿ ಹಣೆಗೆ ತಂದಳು. ಮುಂದಕ್ಕೆ ಬಾಗಿದಳು. ಒಂದು ಸಲ. ಎರಡು ಸಲ. ಹಿಂದಿನ ಬಾಗಿಲ ಕಡೆ ಕೂತಿದ್ದ ಲಮುನ್‌ಗೆ ಕಂಡದ್ದು ಅವಳ ಬೆನ್ನು, ಮತ್ತು ತನ್ನ ಕಡೆಗೇ ತಿರುಗಿದ ಎರಡು ಅಂಗಾಲುಗಳು.

"ಅಜ್ಜಿ, ಅವಳಿಗೆ ಗೊತ್ತಿಲ್ಲ ನೀವು ಇಲ್ಲಿದ್ದೀರಿ ಅಂತ," ಎಂದು ಬುವಾ ಗಾಬರಿಯಿಂದ ಪಿಸುಗುಟ್ಟಿದಳು. "ಪಾದ ನಿಮ್ಮ ಕಡೆ ಬಂತು. ಏಳಿ, ಆ ಕಡೆ ಕೂರೋಣ."

"ಇರಲಿ. ನೀನು ಕೂತ್ಕೋ."

ಅಂಗಾಲಿನ ಹೊರ ಅಂಚಿನಲ್ಲಿ ಚರ್ಮ ದಪ್ಪಗೆ ಹಳದಿಗಟ್ಟಿತ್ತು. ಅದು ತನ್ನ ಜಗಲಿಯಲ್ಲಿ ತಿರುಗಿ ತಿರುಗಿ ಬಂದದ್ದೋ, ತವಿನ್‌ನ ಗರಡಿಯ ಮಣ್ಣಿನಲ್ಲಿ ಬಂದದ್ದೋ, ಲಮುನ್ ಕಣ್ಣು ಕಿರಿದು ಮಾಡಿ ನೋಡಿದಳು. ತಿಳಿಯಲಿಲ್ಲ. ಹುಡುಗಿ ಮೂರನೆಯ ಸಲ ಬಾಗಿದಳು. ಲಮುನ್‌ಳ ಮುಷ್ಟಿಯೊಳಗೆ ನೀಲಿ ಬಟ್ಟೆಯ ತುಂಡು ಬೆವರಿಗೆ ಒದ್ದೆಯಾಗಿತ್ತು.